ಬೂದಿ, ಇದ್ದಿಲು, ಸುಡುಮಣ್ಣು: ಬಯೋಚಾರ್‌ನ ಸುರಕ್ಷತೆ ಮತ್ತು ಜನಪದ ಕೃಷಿವಿವೇಕ

1. ಪೀಠಿಕೆ

ಮರ, ಕಡ್ಡಿ, ಹೊಟ್ಟು, ಚಿಪ್ಪು ಮೊದಲಾದ ಸಸ್ಯಮೂಲದ ವಸ್ತುಗಳನ್ನು ಗಾಳಿಯಿಲ್ಲದೆ ಅಥವಾ ಅತ್ಯಲ್ಪ ಗಾಳಿಯಲ್ಲಿ ಕಾಯಿಸಿದಾಗ ಇಂಗಾಲಪ್ರಧಾನವಾದ ಕಪ್ಪು ವಸ್ತುವೊಂದು ಉಳಿಯುತ್ತದೆ. ಉರುವಲಿಗೆ ಬಳಸಿದರೆ ಅದು ಇದ್ದಿಲು. ಮಣ್ಣಿಗೆ ಸೇರಿಸುವ ಉದ್ದೇಶದಿಂದಲೇ ತಯಾರಿಸಿದರೆ ಅದನ್ನು ಇಂದಿನ ಕೃಷಿವಿಜ್ಞಾನ ಬಯೋಚಾರ್ ಎಂದು ಕರೆಯುತ್ತದೆ. ಮಣ್ಣಿನ ನೀರು ಹಿಡಿದಿಡುವ ಗುಣವನ್ನು ಹೆಚ್ಚಿಸುವುದು, ಹುಳಿಮಣ್ಣಿನ ಆಮ್ಲತೆಯನ್ನು ತಗ್ಗಿಸುವುದು, ಪೋಷಕಾಂಶಗಳು ಮಳೆನೀರಿನೊಡನೆ ಕೊಚ್ಚಿಹೋಗದಂತೆ ತಡೆಯುವುದು ಇದರ ಉಪಯೋಗಗಳೆಂದು ಹೇಳಲಾಗಿದೆ. ಗಾಳಿಯಲ್ಲಿನ ಇಂಗಾಲವನ್ನು ಬಹುಕಾಲ ನೆಲದಲ್ಲಿ ಕೂಡಿಡುವ ಸಾಧನವಾಗಿಯೂ ಇದು ಪ್ರಚಾರ ಪಡೆದಿದೆ. ಹವಾಮಾನ ಬದಲಾವಣೆಯ ಕುರಿತ ಅಂತರ್‌ಸರ್ಕಾರಿ ಸಮಿತಿಯು 2018ರ ತನ್ನ ವಿಶೇಷ ವರದಿಯಲ್ಲಿ ವಾತಾವರಣದ ಇಂಗಾಲವನ್ನು ಹಿಂತೆಗೆಯುವ ವಿಧಾನಗಳ ಜೊತೆಗೆ ಬಯೋಚಾರನ್ನೂ ಚರ್ಚಿಸಿದ ಮೇಲೆ ಈ ಪ್ರಚಾರಕ್ಕೆ ಇನ್ನಷ್ಟು ಬಲ ಬಂದಿತು.

ಈ ಪ್ರಚಾರದಲ್ಲಿ ಪದೇ ಪದೇ ಕೇಳಿಬರುವ ಒಂದು ವಾದ ಜಾನಪದ ಅಧ್ಯಯನಕಾರರ ಗಮನಕ್ಕೆ ಅರ್ಹವಾದುದು. ಇದ್ದಿಲನ್ನು ಮಣ್ಣಿಗೆ ಸೇರಿಸುವ ಪದ್ಧತಿ ಸಾವಿರಾರು ವರ್ಷಗಳಷ್ಟು ಹಳೆಯದು. ಅಮೆಜಾನಿನ ಮೂಲನಿವಾಸಿಗಳು ಅದನ್ನು ಮಾಡಿದ್ದರು. ಭಾರತದ ರೈತರೂ ಬೂದಿಯನ್ನೂ ಸುಟ್ಟಮಣ್ಣನ್ನೂ ಬಳಸುತ್ತಲೇ ಬಂದಿದ್ದಾರೆ. ಆದ್ದರಿಂದ ಅದು ಸುರಕ್ಷಿತ ಎಂಬುದೇ ಆ ವಾದ. ಇಲ್ಲಿ ಪರಂಪರೆಯನ್ನು ಸುರಕ್ಷತೆಯ ಪ್ರಮಾಣಪತ್ರವಾಗಿ ಬಳಸಲಾಗುತ್ತಿದೆ. ಪರಂಪರೆಯು ನಿಜವಾಗಿ ಏನನ್ನು ಮಾಡುತ್ತಿತ್ತು, ಎಷ್ಟು ಪ್ರಮಾಣದಲ್ಲಿ ಮಾಡುತ್ತಿತ್ತು, ಯಾವ ವಸ್ತುವನ್ನು ಸುಡುತ್ತಿತ್ತು ಎಂಬ ಪ್ರಶ್ನೆಗಳು ಮಾತ್ರ ಹಿಂದೆ ಸರಿದಿವೆ. ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ಬಯೋಚಾರ್‌ನ ಸುರಕ್ಷತೆಯ ಬಗ್ಗೆ ಲಭ್ಯವಿರುವ ವೈಜ್ಞಾನಿಕ ತಿಳಿವಳಿಕೆಯನ್ನು ಜನಪದ ಕೃಷಿಕ್ರಮಗಳ ಬೆಳಕಿನಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಪದಗಳ ಒಳಗಿನ ವಿಂಗಡಣೆ

ಸುಟ್ಟ ವಸ್ತುವಿಗೆ ಕನ್ನಡದಲ್ಲಿ ಒಂದೇ ಪದವಿಲ್ಲ. ಉರಿಯುತ್ತಿರುವಾಗ ಅದು ಕೊಳ್ಳಿ, ಜ್ವಾಲೆ ಅಡಗಿ ಕೆಂಪಾಗಿ ನಿಂತಾಗ ಕೆಂಡ, ಗಾಳಿ ಸಿಗದೆ ಆರಿ ಕಪ್ಪಾಗಿ ಉಳಿದಾಗ ಇದ್ದಿಲು, ಪೂರ್ತಿ ಉರಿದು ಬಿಳುಪಾದಾಗ ಬೂದಿ, ಹೊಗೆಯಿಂದ ಗೋಡೆಗೂ ಮಡಕೆಗೂ ಹತ್ತಿಕೊಂಡಾಗ ಮಸಿ. ಮಣ್ಣನ್ನು ಸೊಪ್ಪುಸದೆಯೊಂದಿಗೆ ನಿಧಾನವಾಗಿ ಸುಟ್ಟಾಗ ಅದು ಸುಡುಮಣ್ಣು. ಈ ವಿಂಗಡಣೆ ಕೇವಲ ಭಾಷಾಸಂಪತ್ತಿನ ಪ್ರದರ್ಶನವಲ್ಲ; ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಇವು ಬೇರೆ ಬೇರೆ ವಸ್ತುಗಳು. ಬೂದಿಯಲ್ಲಿ ಇಂಗಾಲ ಬಹುತೇಕ ಹೊರಟುಹೋಗಿ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಲವಣಗಳು ಉಳಿದಿರುತ್ತವೆ. ಅದು ಬೇಗ ಕರಗುತ್ತದೆ, ಬೇಗ ಫಲ ಕೊಡುತ್ತದೆ, ಬೇಗ ಮುಗಿಯುತ್ತದೆ. ಇದ್ದಿಲಿನಲ್ಲಿ ಇಂಗಾಲವೇ ಪ್ರಧಾನ. ಅದು ಸುಲಭವಾಗಿ ಕೊಳೆಯುವುದಿಲ್ಲ. ಮಸಿಯಲ್ಲಿ ಹೊಗೆಯ ಎಣ್ಣೆಯಂಶಗಳು ಘನೀಭವಿಸಿರುತ್ತವೆ; ಸುರಕ್ಷತೆಯ ಪ್ರಶ್ನೆ ಬಂದಾಗ ಮುಖ್ಯವಾಗುವ ವಿಷವಸ್ತುಗಳಲ್ಲಿ ಹಲವು ಇದರಲ್ಲೇ ಇರುತ್ತವೆ.

ಬಯೋಚಾರ್ ಎಂಬ ಒಂದೇ ಹೆಸರಿನ ಅಡಿಯಲ್ಲಿ ಈ ಮೂರೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿರಬಹುದು. ಚೆನ್ನಾಗಿ ತಯಾರಾದುದರಲ್ಲಿ ಇದ್ದಿಲಿನ ಅಂಶವೇ ಹೆಚ್ಚು, ಕೆಟ್ಟದಾಗಿ ತಯಾರಾದುದರಲ್ಲಿ ಮಸಿಯ ಅಂಶ ಸೇರಿರುತ್ತದೆ, ಗಾಳಿ ಹೆಚ್ಚಾದುದರಲ್ಲಿ ಬೂದಿಯ ಅಂಶ ಅಧಿಕವಾಗಿರುತ್ತದೆ. ಆದುದರಿಂದ ಬಯೋಚಾರ್ ಸುರಕ್ಷಿತವೇ ಎಂಬ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಒಂದೇ ಉತ್ತರ ಇರಲಾರದು.

ಬೂದಿಗೂ ಮಣ್ಣಿಗೂ ಇರುವ ನಂಟು ಕರ್ನಾಟಕದಲ್ಲಿ ಬಹಳ ಪ್ರಾಚೀನವಾದುದು. ಬಳ್ಳಾರಿ, ರಾಯಚೂರು ಪ್ರದೇಶದ ಬೂದಿಗುಡ್ಡಗಳು ನವಶಿಲಾಯುಗದ ಪಶುಪಾಲಕರು ದೊಡ್ಡಿಗಳಲ್ಲಿ ಕೂಡಿದ ಸಗಣಿಯನ್ನು ಸುಟ್ಟುದರಿಂದ ಉಂಟಾದವು ಎಂಬುದನ್ನು ಎಫ್. ಆರ್. ಆಲ್ಚಿನ್ 1963ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಹಂಪೆಯ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ಸ್ಥಳೀಯರು ವಾಲಿಯನ್ನು ದಹಿಸಿದ ಜಾಗವೆಂದು ನಂಬುತ್ತಾರೆ. ಸಾವಿರಾರು ವರ್ಷ ಕಳೆದರೂ ಕರಗದೆ ನಿಂತ ಬೂದಿಗೆ ವಿವರಣೆ ಬೇಕಾದಾಗ ಜನಪದರು ಪುರಾಣವೊಂದನ್ನು ಅದಕ್ಕೆ ಜೋಡಿಸಿದರು. ಬೆಂಕಿಯ ಗುರುತು ನೆಲದಲ್ಲಿ ಎಷ್ಟು ಕಾಲ ಉಳಿಯಬಲ್ಲುದು ಎಂಬುದಕ್ಕೆ ಈ ಗುಡ್ಡಗಳು ಕಣ್ಣೆದುರಿನ ಸಾಕ್ಷಿ.

3. ಸುಡುಮಣ್ಣು, ಕುಮರಿ, ತಿಪ್ಪೆ

ಕರ್ನಾಟಕದ ಕೃಷಿಪರಂಪರೆಯಲ್ಲಿ ಸುಟ್ಟ ವಸ್ತು ಮಣ್ಣನ್ನು ಸೇರುತ್ತಿದ್ದ ದಾರಿಗಳಲ್ಲಿ ಮುಖ್ಯವಾದವು ಮೂರು.

ಮೊದಲನೆಯದು ಕರಾವಳಿಯ ಸುಡುಮಣ್ಣು. ಒಣಗಿದ ಎಲೆ, ಕಡ್ಡಿ, ಕಸಗಳನ್ನು ಒಟ್ಟಿ, ಅದರ ಮೇಲೆ ಮಣ್ಣಿನ ಹೆಂಟೆಗಳನ್ನು ಹರಡಿ, ಬೆಂಕಿ ಜ್ವಾಲೆಯಾಗದಂತೆ ಒಳಗೊಳಗೇ ಬೇಯಲು ಬಿಡುವುದು ಇದರ ಕ್ರಮ. ಹೀಗೆ ಬೆಂದ ಮಣ್ಣಿನಲ್ಲಿ ಬೂದಿ, ಇದ್ದಿಲಿನ ಚೂರು ಮತ್ತು ಕಾದ ಮಣ್ಣು ಮೂರೂ ಬೆರೆತಿರುತ್ತವೆ. ಕಾವಿನಿಂದ ಕಳೆಬೀಜಗಳೂ ಮಣ್ಣಿನಲ್ಲಿನ ಹಲವು ರೋಗಕಾರಕಗಳೂ ನಾಶವಾಗುತ್ತವೆ. ಕರಾವಳಿಯ ಜಂಬಿಟ್ಟಿಗೆ ಮಣ್ಣು ಆಮ್ಲಗುಣದ್ದಾದ್ದರಿಂದ ಸುಡುಮಣ್ಣಿನ ಕ್ಷಾರಗುಣ ಅದಕ್ಕೆ ಹೊಂದುತ್ತದೆ. ಬಸಳೆ, ತೊಂಡೆ ಮೊದಲಾದ ಹಿತ್ತಲ ಬೆಳೆಗಳ ಬುಡಕ್ಕೆ ಬುಟ್ಟಿಲೆಕ್ಕದಲ್ಲಿ ಹಾಕುವ ಗೊಬ್ಬರವಿದು. ಎಕರೆಗಟ್ಟಲೆ ಹೊಲಕ್ಕೆ ಟನ್ ಲೆಕ್ಕದಲ್ಲಿ ಹರಡುವಂಥದಲ್ಲ.

ಎರಡನೆಯದು ಕುಮರಿ. ಪಶ್ಚಿಮಘಟ್ಟದ ಇಳಿಜಾರುಗಳಲ್ಲಿ ಕಾಡಿನ ತುಂಡೊಂದನ್ನು ಕಡಿದು, ಒಣಗಿಸಿ, ಸುಟ್ಟು, ಆ ಬೂದಿಯಲ್ಲಿ ರಾಗಿ ಮುಂತಾದ ಧಾನ್ಯ ಬಿತ್ತಿ, ಒಂದೆರಡು ಬೆಳೆಯ ನಂತರ ನೆಲವನ್ನು ಹಲವು ವರ್ಷ ಬೀಳುಬಿಡುವ ಪದ್ಧತಿ ಇದು. 1800-01ರಲ್ಲಿ ಮೈಸೂರು, ಕನ್ನಡ ಮತ್ತು ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸಕಥನದಲ್ಲಿ ಈ ಬಗೆಯ ಬೇಸಾಯದ ಉಲ್ಲೇಖಗಳಿವೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ವಸಾಹತು ಆಡಳಿತ ಅದನ್ನು ಅರಣ್ಯನಾಶದ ಕಾರಣವೆಂದು ನಿರ್ಬಂಧಿಸುತ್ತ ಬಂದಿತು. ಕುಮರಿಯ ನೆಲ ಒಂದೆರಡು ವರ್ಷದಲ್ಲೇ ಸಾರ ಕಳೆದುಕೊಳ್ಳುತ್ತಿದ್ದುದು ಗಮನಾರ್ಹ. ಬೆಳೆಗೆ ಬಲ ಕೊಡುತ್ತಿದ್ದುದು ಬಹುಮಟ್ಟಿಗೆ ಬೂದಿಯೇ ಹೊರತು ಇದ್ದಿಲಲ್ಲ ಎಂಬುದನ್ನು ಇದು ಸೂಚಿಸುತ್ತದೆ. ಕುಮರಿಯನ್ನು ಬಯೋಚಾರ್‌ನ ಪೂರ್ವರೂಪವೆಂದು ಬಣ್ಣಿಸುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಮೂರನೆಯದು ಒಲೆಯಿಂದ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ ಹೋಗುವ ದಾರಿ. ಬಯಲುಸೀಮೆಯ ಮನೆಗಳಲ್ಲಿ ಒಲೆಯ ಬೂದಿಯೂ ಅದರಲ್ಲಿ ಉಳಿದ ಇದ್ದಿಲಿನ ಚೂರುಗಳೂ ದಿನವೂ ತಿಪ್ಪೆಗುಂಡಿಯನ್ನು ಸೇರುತ್ತಿದ್ದವು. ಅಲ್ಲಿ ಸಗಣಿ, ಗಂಜಲ, ಕೊಟ್ಟಿಗೆಯ ಹುಲ್ಲುಕಸಗಳೊಡನೆ ತಿಂಗಳುಗಟ್ಟಲೆ ಕೊಳೆತು, ಬಿತ್ತನೆಯ ಮುನ್ನ ಗಾಡಿಯಲ್ಲಿ ಹೊಲಕ್ಕೆ ಹೋಗುತ್ತಿದ್ದವು. ಇದ್ದಿಲು ನೇರವಾಗಿ ಹೊಲ ಸೇರುತ್ತಿರಲಿಲ್ಲ. ತಿಪ್ಪೆಯಲ್ಲಿ ಮಾಗಿ ಸೇರುತ್ತಿತ್ತು. ಈ ಮಾಗುವಿಕೆಗೆ ಇರುವ ಮಹತ್ವವನ್ನು ಮುಂದೆ ನೋಡಬಹುದು.

4. ಅಮೆಜಾನಿನ ಸಾಕ್ಷ್ಯ: ಅದರ ಬಲ ಮತ್ತು ಮಿತಿ

ಬಯೋಚಾರ್ ಪರವಾದ ವಾದಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಅಮೆಜಾನ್ ಜಲಾನಯನದ ಮಾನವನಿರ್ಮಿತ ಮಣ್ಣಿನ ಉದಾಹರಣೆ. ಪೋರ್ಚುಗೀಸಿನಲ್ಲಿ ಇದಕ್ಕೆ ಟೆರ್ರಾ ಪ್ರೇಟಾ, ಅಂದರೆ ಕಪ್ಪು ನೆಲ ಎಂಬ ಹೆಸರಿದೆ. ಉತ್ತರ ಕರ್ನಾಟಕದ ಎರೆಮಣ್ಣಿಗೂ ಇದಕ್ಕೂ ಬಣ್ಣದ ಹೋಲಿಕೆಯ ಹೊರತು ಸಂಬಂಧವಿಲ್ಲ. ಎರೆಮಣ್ಣು ಶಿಲೆಯ ಸವೆತದಿಂದ ಆದುದು, ಅಮೆಜಾನಿನದು ಮನುಷ್ಯರ ವಾಸದಿಂದ ಆದುದು. ಡಚ್ ಮೃತ್ತಿಕಾವಿಜ್ಞಾನಿ ವಿಮ್ ಸೋಂಬ್ರೂಕ್ 1966ರ ತಮ್ಮ ಗ್ರಂಥದಲ್ಲಿ ಇದನ್ನು ವಿವರವಾಗಿ ಚರ್ಚಿಸಿದರು. ಅನಂತರ ಬ್ರೂನೋ ಗ್ಲೇಸರ್, ಯೋಹಾನ್ನೆಸ್ ಲೇಮನ್ ಮೊದಲಾದವರ ಸಂಶೋಧನೆಗಳು ಆ ಮಣ್ಣಿನ ಫಲವತ್ತತೆಯಲ್ಲಿ ಇದ್ದಿಲಿನ ಪಾತ್ರವನ್ನು ಸ್ಪಷ್ಟಪಡಿಸಿದವು.

ಆದರೆ ಆ ಮಣ್ಣಿನಲ್ಲಿ ಇದ್ದಿಲಿನ ಜೊತೆಗೆ ಮೀನಿನ ಮತ್ತು ಪ್ರಾಣಿಗಳ ಮೂಳೆ, ಅಡುಗೆಯ ಉಳಿಕೆ, ಮಲಮೂತ್ರ, ಬೂದಿ, ಮಡಕೆಚೂರುಗಳೂ ಸೇರಿವೆ. ಅದು ತಲೆಮಾರುಗಳ ಕಾಲ ಜನ ಬಾಳಿದ ನೆಲೆಗಳ ತಿಪ್ಪೆ. ಮೇಲಣ ಷಿಂಗು ಪ್ರದೇಶದ ಕುಯಿಕುರೊ ಜನರು ಇಂದಿಗೂ ಮನೆಯ ಸುತ್ತ ಬೂದಿ, ಇದ್ದಿಲು, ಮರಗೆಣಸಿನ ಸಿಪ್ಪೆ, ಮೀನಿನ ಉಳಿಕೆಗಳನ್ನು ಹರಡಿ ಇಂಥ ಮಣ್ಣನ್ನು ಉದ್ದೇಶಪೂರ್ವಕವಾಗಿ ರೂಪಿಸುತ್ತಾರೆ. ಅದಕ್ಕೆ ಅವರ ಭಾಷೆಯಲ್ಲಿ ಎಗೆಪೆ ಎಂಬ ಹೆಸರೇ ಇದೆ ಎಂಬುದನ್ನು ಮಾರ್ಗನ್ ಷ್ಮಿಟ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನ ದಾಖಲಿಸಿದೆ. ಪಶ್ಚಿಮ ಆಫ್ರಿಕಾದ ಘಾನಾ ಮತ್ತು ಲೈಬೀರಿಯಾಗಳಲ್ಲಿಯೂ ಹಳ್ಳಿಗಳ ಸುತ್ತ ಇದೇ ಬಗೆಯ ಕಪ್ಪು ಮಣ್ಣನ್ನು ಜನರು ರೂಪಿಸಿರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಜಪಾನಿನ ಮಿಯಾಝಾಕಿ ಯಾಸುಸಾದಾನ 1697ರ ಕೃಷಿಗ್ರಂಥದಲ್ಲಿ ಸುಟ್ಟ ವಸ್ತುವನ್ನು ಗೊಬ್ಬರದ್ರವದೊಡನೆ ಬೆರೆಸಿ ಬಳಸುವ ಬೆಂಕಿಗೊಬ್ಬರದ ವಿವರಣೆಯಿದೆ.

ಈ ಎಲ್ಲ ಸಾಕ್ಷ್ಯಗಳು ಒಂದು ಮಾತನ್ನು ಸ್ಥಿರಪಡಿಸುತ್ತವೆ: ಪರಂಪರಾಗತ ಸಮಾಜಗಳಲ್ಲಿ ಇದ್ದಿಲು ಒಂಟಿಯಾಗಿ ಮಣ್ಣು ಸೇರಿದ್ದು ಅಪರೂಪ. ಅದು ಜೀವಂತ ಗೊಬ್ಬರದ ಜೊತೆಯಲ್ಲಿ, ಸ್ವಲ್ಪ ಸ್ವಲ್ಪವಾಗಿ, ಬಹುಕಾಲದ ಅವಧಿಯಲ್ಲಿ ಸೇರಿತು. ಕಾರ್ಖಾನೆಯಲ್ಲಿ ತಯಾರಾದ ಪುಡಿಯನ್ನು ಒಂದೇ ಹಂಗಾಮಿನಲ್ಲಿ ಹೆಕ್ಟೇರಿಗೆ ಹತ್ತು ಟನ್ನಿನಂತೆ ಹರಡುವ ಕ್ರಮಕ್ಕೆ ಈ ಪರಂಪರೆ ಸಾಕ್ಷಿ ನುಡಿಯಲಾರದು.

5. ಅಪಾಯದ ಮೂಲಗಳು

5.1 ಸುಡುವ ವಸ್ತು

ಸುಡುವಾಗ ಸಸ್ಯವಸ್ತುವಿನ ಬಹುಭಾಗ ಆವಿಯಾಗಿ ಹೋಗುತ್ತದೆ; ಆವಿಯಾಗದ ಲೋಹಗಳು ಇದ್ದಿಲಿನಲ್ಲೇ ಉಳಿಯುತ್ತವೆ. ಒಂದು ಸಾವಿರ ಕಿಲೋ ಕಚ್ಚಾವಸ್ತುವಿನಿಂದ ಮುನ್ನೂರು ಕಿಲೋ ಇದ್ದಿಲು ದೊರೆತರೆ, ಮೊದಲಿದ್ದ ಲೋಹದ ಸಾಂದ್ರತೆ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಶುದ್ಧವಾದ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ತೆಂಗಿನ ಚಿಪ್ಪು, ಬಳ್ಳಾರಿ ಜಾಲಿಗಳಲ್ಲಿ ಇದು ಸಾಮಾನ್ಯವಾಗಿ ಚಿಂತೆಯ ವಿಷಯವಲ್ಲ. ಆದರೆ ನಗರದ ಚರಂಡಿ ಕೆಸರು, ಬಣ್ಣ ಬಳಿದ ಮರ, ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಲವಣಗಳಿಂದ ಸಂಸ್ಕರಿಸಿದ ಮರ, ಪ್ಲಾಸ್ಟಿಕ್ ಬೆರೆತ ಕಸ ಇವುಗಳಿಂದ ತಯಾರಾದ ಇದ್ದಿಲಿನಲ್ಲಿ ಲೋಹಗಳು ಅಪಾಯಕರ ಮಟ್ಟ ಮುಟ್ಟಬಹುದು. ಕ್ಲೋರಿನ್ ಇರುವ ಪ್ಲಾಸ್ಟಿಕ್ ಬೆರೆತರೆ ಡಯಾಕ್ಸಿನ್ನುಗಳು ಉಂಟಾಗುವ ಸಾಧ್ಯತೆಯೂ ಇದೆ. ಬೆಂಕಿ ಎಲ್ಲವನ್ನೂ ಶುದ್ಧಿಗೊಳಿಸುತ್ತದೆ ಎಂಬುದು ಆಚರಣೆಯ ಲೋಕದ ನಂಬಿಕೆ. ಲೋಹದ ಮಟ್ಟಿಗೆ ಅದು ನಿಜವಲ್ಲ.

5.2 ಸುಡುವ ಕ್ರಮ

ಗಾಳಿ ಕಡಿಮೆಯಾದಾಗ ಹುಟ್ಟುವ ಹೊಗೆಯಲ್ಲಿ ಬಹುವಲಯ ಆರೊಮ್ಯಾಟಿಕ್ ಹೈಡ್ರೋಕಾರ್ಬನ್ನುಗಳು ಎಂಬ ಸಂಯುಕ್ತಗಳಿರುತ್ತವೆ. ನ್ಯಾಫ್ತಲೀನ್ ಇವುಗಳಲ್ಲಿ ಹಗುರವಾದುದು. ಬೆಂಜೊಪೈರೀನ್ ಕ್ಯಾನ್ಸರ್‌ಕಾರಕವೆಂದು ಖಚಿತವಾದುದು. ಹೊಗೆ ಗೂಡಿನಿಂದ ಸರಾಗವಾಗಿ ಹೊರಹೋದರೆ ಅಥವಾ ಗೂಡಿನ ಬಾಯಿಯಲ್ಲೇ ಉರಿದುಹೋದರೆ ಇದ್ದಿಲು ಬಹುಮಟ್ಟಿಗೆ ಶುದ್ಧವಾಗಿ ಉಳಿಯುತ್ತದೆ. ಹೊಗೆ ಒಳಗೇ ಸುತ್ತಿ, ತಣ್ಣಗಾಗುವಾಗ ಇದ್ದಿಲಿನ ಮೇಲೆ ಕೂತರೆ ಅದು ಮಲಿನವಾಗುತ್ತದೆ. ಐವತ್ತಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದ ಸಾರಾ ಹೇಲ್ ಮತ್ತು ಸಂಗಡಿಗರ 2012ರ ಅಧ್ಯಯನ ಇಲ್ಲಿ ಉಪಯುಕ್ತ. ನಿಧಾನವಾಗಿ ಸುಟ್ಟ ಮಾದರಿಗಳಲ್ಲಿ ಈ ಸಂಯುಕ್ತಗಳ ಒಟ್ಟು ಪ್ರಮಾಣ ಕಿಲೋಗ್ರಾಂಗೆ 0.07ರಿಂದ 3.27 ಮಿಲಿಗ್ರಾಂವರೆಗೆ ಇತ್ತು. ಅನಿಲೀಕರಣ ಯಂತ್ರದಿಂದ ಬಂದ ಮಾದರಿಯೊಂದರಲ್ಲಿ ಅದು 45 ಮಿಲಿಗ್ರಾಂ ಮುಟ್ಟಿತ್ತು. ಅದೇ ಅಧ್ಯಯನ, ಈ ಸಂಯುಕ್ತಗಳು ಇದ್ದಿಲಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ನೀರಿಗೆ ಬಿಡುಗಡೆಯಾಗುವ ಭಾಗ ಅತ್ಯಲ್ಪ ಎಂಬುದನ್ನೂ ತೋರಿಸಿತು. ಹೀಗಾಗಿ ಭಯಕ್ಕೂ ನಿರ್ಲಕ್ಷ್ಯಕ್ಕೂ ಇಲ್ಲಿ ಅವಕಾಶವಿಲ್ಲ; ಅಗತ್ಯವಾದುದು ಪರೀಕ್ಷೆ.

ಇದಲ್ಲದೆ ಅರೆಬೆಂದ ಇದ್ದಿಲಿನಲ್ಲಿ ಬೇಗ ಆವಿಯಾಗುವ ಆಮ್ಲಗಳೂ ಫೀನಾಲ್‌ಗಳೂ ಉಳಿದು ಮೊಳಕೆಯನ್ನು ಕುಂಠಿತಗೊಳಿಸಬಹುದು. ಹೊಗೆಯ ವಾಸನೆ ಬಿಡದ, ಕೈಗೆ ಜಿಡ್ಡಾಗಿ ಹತ್ತುವ ಇದ್ದಿಲು ಇದರ ಸುಳಿವು ಕೊಡುತ್ತದೆ.

5.3 ಸೇರುವ ಮಣ್ಣು

ಸೈಮನ್ ಜೆಫ್ರಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಸಮಗ್ರ ವಿಶ್ಲೇಷಣೆಯ ಪ್ರಕಾರ ಉಷ್ಣವಲಯದಲ್ಲಿ ಬಯೋಚಾರ್ ಬಳಕೆಯಿಂದ ಇಳುವರಿ ಸರಾಸರಿ ಶೇ. 25ರಷ್ಟು ಹೆಚ್ಚಿತು, ಸಮಶೀತೋಷ್ಣ ವಲಯದಲ್ಲಿ ಸರಾಸರಿಯಾಗಿ ಯಾವ ಹೆಚ್ಚಳವೂ ಕಾಣಲಿಲ್ಲ. ಉಷ್ಣವಲಯದ ಹಲವು ಮಣ್ಣುಗಳು ಹುಳಿಯಾಗಿಯೂ ಸಾರಹೀನವಾಗಿಯೂ ಇರುವುದರಿಂದ ಇದ್ದಿಲಿನ ಸುಣ್ಣದಂಥ ಗುಣ ಅಲ್ಲಿ ಕೆಲಸ ಮಾಡಿದೆ. ಈ ಮಾತನ್ನು ಕರ್ನಾಟಕಕ್ಕೆ ಹಾಗೆಯೇ ಅನ್ವಯಿಸುವಂತಿಲ್ಲ. ಕರಾವಳಿ ಮತ್ತು ಮಲೆನಾಡಿನ ಮಣ್ಣು ಆಮ್ಲೀಯ. ಅಲ್ಲಿ ಬೂದಿಯಂಶವುಳ್ಳ ಇದ್ದಿಲು ಹಿತಕರ. ಉತ್ತರ ಕರ್ನಾಟಕದ ಎರೆಭೂಮಿ ಈಗಾಗಲೇ ಕ್ಷಾರೀಯ. ಅಲ್ಲಿ ಅದೇ ವಸ್ತು ರಂಜಕ, ಸತು, ಕಬ್ಬಿಣಗಳು ಬೆಳೆಗೆ ಸಿಗದಂತೆ ಮಾಡಬಹುದು. ಸುಡುಮಣ್ಣು ಕರಾವಳಿಯ ಪದ್ಧತಿಯಾಗಿ ಬೆಳೆದುದಕ್ಕೂ ಅಲ್ಲಿನ ಹುಳಿಮಣ್ಣಿಗೂ ಇರುವ ಹೊಂದಿಕೆಯನ್ನು ಈ ದೃಷ್ಟಿಯಿಂದ ಗಮನಿಸಬೇಕು.

ಆರ್ಸೆನಿಕ್‌ನ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಸೀಸ, ಕ್ಯಾಡ್ಮಿಯಂಗಳನ್ನು ಇದ್ದಿಲು ಹಿಡಿದಿಟ್ಟು ಬೆಳೆಗೆ ಹೋಗದಂತೆ ತಡೆಯಬಲ್ಲುದು. ಕಲುಷಿತ ನೆಲವನ್ನು ಸುಧಾರಿಸಲು ಅದನ್ನು ಬಳಸುವುದೂ ಇದೇ ಕಾರಣಕ್ಕೆ. ಆದರೆ ಆರ್ಸೆನಿಕ್ ಮಣ್ಣಿನಲ್ಲಿ ಬೇರೆಯೇ ರೂಪದಲ್ಲಿರುವುದರಿಂದ ಕ್ಷಾರತೆ ಹೆಚ್ಚಿದಾಗ, ಅದರಲ್ಲೂ ನೀರು ನಿಂತ ಗದ್ದೆಯಲ್ಲಿ, ಅದು ಬಿಡುಗಡೆಯಾಗುವ ಸಂಭವವಿದೆ. ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಶಿಲಾಪಟ್ಟಿಯ ಕೆಲವೆಡೆ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದು ವರದಿಯಾಗಿದೆ. ಅಂಥ ಪ್ರದೇಶಗಳಲ್ಲಿ ಮಣ್ಣಿನ ಪರೀಕ್ಷೆಯಿಲ್ಲದೆ ಬಯೋಚಾರ್ ಶಿಫಾರಸು ಮಾಡುವುದು ವಿವೇಕವಲ್ಲ.

ತಾಜಾ ಇದ್ದಿಲು ಮಣ್ಣಿನ ಸಾರಜನಕವನ್ನು ತಾತ್ಕಾಲಿಕವಾಗಿ ಹಿಡಿದಿಟ್ಟುಕೊಂಡು ಮೊದಲ ಬೆಳೆಯನ್ನು ಸೊರಗಿಸಬಹುದು. ಎರೆಹುಳುಗಳು ಒಣ ಇದ್ದಿಲು ಬೆರೆತ ಮಣ್ಣಿನಿಂದ ದೂರ ಸರಿಯುತ್ತವೆ. ಇದ್ದಿಲನ್ನು ಮೊದಲೇ ನೀರಿನಲ್ಲಿ ನೆನೆಸಿದರೆ ಈ ದೂರ ಸರಿಯುವಿಕೆ ನಿವಾರಣೆಯಾಗುತ್ತದೆ ಎಂಬುದನ್ನು 2011ರ ಅಧ್ಯಯನವೊಂದು ತೋರಿಸಿದೆ. ನೇಪಾಳದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಗಂಜಲದಲ್ಲಿ ನೆನೆಸಿದ ಇದ್ದಿಲನ್ನು ಹೆಕ್ಟೇರಿಗೆ ಕೇವಲ 750 ಕಿಲೋದಷ್ಟು ಕುಂಬಳದ ಬೇರಿನ ಬಳಿ ಹಾಕಿದಾಗ, ಗಂಜಲ ಮಾತ್ರ ಹಾಕಿದ್ದಕ್ಕೆ ಹೋಲಿಸಿದರೆ ನಾಲ್ಕು ಪಟ್ಟು ಇಳುವರಿ ಬಂದಿತು. ಒಂದು ಬೆಳೆಯ ಒಂದು ಪ್ರಯೋಗದಿಂದ ಸಾರ್ವತ್ರಿಕ ತೀರ್ಮಾನಕ್ಕೆ ಬರಲಾಗದು. ಆದರೂ ಗಂಜಲ ಮತ್ತು ಸಗಣಿಯೊಡನೆ ಇದ್ದಿಲನ್ನು ಮಾಗಿಸುವ ತಿಪ್ಪೆಯ ಕ್ರಮ, ಮೇಲೆ ಹೇಳಿದ ಹಲವು ತೊಡಕುಗಳಿಗೆ ಒಟ್ಟಿಗೇ ಪರಿಹಾರವಾಗಿದ್ದಿತು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

5.4 ಸುಡುವವರ ಸುರಕ್ಷತೆ

ಬಯೋಚಾರ್ ಚರ್ಚೆಯಲ್ಲಿ ಮಣ್ಣಿಗೆ ಸಿಕ್ಕಷ್ಟು ಗಮನ ದುಡಿಯುವ ದೇಹಕ್ಕೆ ಸಿಕ್ಕಿಲ್ಲ. ಗೂಡಿನಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಜಾಗದಲ್ಲಿ ಅದು ಪ್ರಾಣಾಂತಿಕ. ಇದ್ದಿಲಿನ ನುಣುಪು ಪುಡಿ ಶ್ವಾಸಕೋಶ ಸೇರುತ್ತದೆ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಅಧಿಕವಾಗಿದ್ದು, ಅತಿ ಹೆಚ್ಚಿನ ಕಾವಿನಲ್ಲಿ ಅದರ ಒಂದಂಶ ಸ್ಫಟಿಕರೂಪ ತಾಳುತ್ತದೆ. ಸ್ಫಟಿಕ ಸಿಲಿಕಾದ ಧೂಳು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ವರ್ಗೀಕರಿಸಿದೆ. ಹೊಸ ಇದ್ದಿಲು ಗಾಳಿ ತಾಗಿದಾಗ ತಾನಾಗಿ ಕಾಯ್ದು ಹೊತ್ತಿಕೊಳ್ಳುವುದೂ ಉಂಟು. ಮೇಲೆ ಆರಿದಂತೆ ಕಂಡು ಒಳಗೆ ಜೀವಂತವಾಗಿರುವ ಅಪಾಯಕ್ಕೆ ಜನಪದರು ಬೂದಿ ಮುಚ್ಚಿದ ಕೆಂಡ ಎಂಬ ನುಡಿಗಟ್ಟನ್ನೇ ರೂಪಿಸಿದ್ದಾರೆ. ಇದ್ದಿಲನ್ನು ನೀರಿನಿಂದ ಪೂರ್ತಿ ನಂದಿಸಿ, ತೇವವಾಗಿಯೇ ಸಾಗಿಸಿ, ತೇವವಾಗಿಯೇ ಹೊಲದಲ್ಲಿ ಬೆರೆಸಿದರೆ ಧೂಳು ಮತ್ತು ಬೆಂಕಿ ಎರಡೂ ಬಹುಮಟ್ಟಿಗೆ ದೂರವಾಗುತ್ತವೆ.

6. ಮರಳಿ ತೆಗೆಯಲಾಗದ ವಸ್ತು

ಇತರ ಗೊಬ್ಬರಗಳಿಗೂ ಬಯೋಚಾರಿಗೂ ಇರುವ ಮೂಲಭೂತ ವ್ಯತ್ಯಾಸ ಅದರ ಆಯುಷ್ಯ. ಸಗಣಿಗೊಬ್ಬರದ ಬಹುಭಾಗ ಕೆಲವು ವರ್ಷಗಳಲ್ಲಿ ಕರಗುತ್ತದೆ. 2016ರಲ್ಲಿ ಪ್ರಕಟವಾದ ವಾಂಗ್, ಷಿಯಾಂಗ್ ಮತ್ತು ಕುಜ್ಯಾಕೊವ್ ಅವರ ವಿಶ್ಲೇಷಣೆಯ ಪ್ರಕಾರ ಬಯೋಚಾರ್‌ನ ಶೇ. 97ರಷ್ಟು ಭಾಗ ಮಣ್ಣಿನಲ್ಲಿ ಸರಾಸರಿ 556 ವರ್ಷ ಉಳಿಯುತ್ತದೆ. ಇದ್ದಿಲನ್ನು ಎಷ್ಟು ತೊಳೆದರೂ ಕಪ್ಪು ಹೋಗದು ಎಂಬ ಲೋಕೋಕ್ತಿ ಮನುಷ್ಯಸ್ವಭಾವವನ್ನು ಕುರಿತದ್ದಾದರೂ ಅದರ ಹಿಂದಿರುವ ವಸ್ತುಜ್ಞಾನ ನಿಖರವಾದುದು. ಇಂಗಾಲವನ್ನು ಕೂಡಿಡುವ ದೃಷ್ಟಿಯಿಂದ ಈ ದೀರ್ಘಾಯುಷ್ಯವೇ ಗುಣ. ಆದರೆ ದೋಷಯುಕ್ತ ಇದ್ದಿಲು ಒಮ್ಮೆ ಹೊಲ ಸೇರಿದರೆ ಅದನ್ನು ಆಯ್ದು ಹೊರತೆಗೆಯುವ ಉಪಾಯವಿಲ್ಲ. ಇಂದಿನ ರೈತನ ಆಯ್ಕೆ ಹತ್ತಾರು ತಲೆಮಾರಿನ ಮೇಲೆ ಹೇರಿಕೆಯಾಗುತ್ತದೆ.

ಪ್ರಮಾಣದ ಲೆಕ್ಕವೊಂದು ಇಲ್ಲಿ ಸಹಾಯಕ. ಕಿಲೋಗೆ 1 ಮಿಲಿಗ್ರಾಂ ಕ್ಯಾಡ್ಮಿಯಂ ಇರುವ ಬಯೋಚಾರನ್ನು ಹೆಕ್ಟೇರಿಗೆ 10 ಟನ್ ಹಾಕಿದರೆ ನೆಲಕ್ಕೆ ಸೇರುವ ಕ್ಯಾಡ್ಮಿಯಂ 10 ಗ್ರಾಂ. ಮೇಲ್ಮೈಯ 15 ಸೆಂಟಿಮೀಟರ್ ಮಣ್ಣಿನ ತೂಕ ಹೆಕ್ಟೇರಿಗೆ ಸುಮಾರು 2000 ಟನ್ ಎಂದಿಟ್ಟುಕೊಂಡರೆ ಹೆಚ್ಚಳ ಕಿಲೋಗೆ 0.005 ಮಿಲಿಗ್ರಾಂ ಮಾತ್ರ. ಒಂದು ಬಾರಿಗೆ ಇದು ನಗಣ್ಯ. ಆದರೆ ಹತ್ತು ಪಟ್ಟು ಮಲಿನವಾದ ವಸ್ತುವನ್ನು ಹತ್ತು ಬಾರಿ ಹಾಕಿದರೆ ಅದೇ ಹೆಚ್ಚಳ ಅರ್ಧ ಮಿಲಿಗ್ರಾಂ ಆಗುತ್ತದೆ. ಬೆಳೆಯುವ ಆಹಾರದ ದೃಷ್ಟಿಯಿಂದ ಅದು ಗಂಭೀರ. ಇಂಗಾಲ ಮನ್ನಣೆಯ ಮಾರುಕಟ್ಟೆಯಲ್ಲಿ ಟನ್ನಿಗೆ ಇಷ್ಟೆಂದು ಹಣ ದೊರೆಯುವಾಗ, ಹೆಚ್ಚು ಹಾಕುವುದೇ ಲಾಭವಾಗುವ ಸನ್ನಿವೇಶ ಉಂಟಾಗುತ್ತದೆ. ಮಣ್ಣಿಗೆ ಎಷ್ಟು ಬೇಕು ಎಂಬ ಪ್ರಶ್ನೆಯ ಜಾಗದಲ್ಲಿ ಮಣ್ಣಿನಲ್ಲಿ ಎಷ್ಟು ಹುಗಿಯಬಹುದು ಎಂಬ ಪ್ರಶ್ನೆ ಬಂದು ನಿಲ್ಲುತ್ತದೆ.

7. ಮಾನದಂಡಗಳು

ಈ ಅಪಾಯಗಳನ್ನು ಮನಗಂಡು ಅಂತರರಾಷ್ಟ್ರೀಯ ಬಯೋಚಾರ್ ಸಂಘಟನೆಯೂ ಯುರೋಪಿನ ಬಯೋಚಾರ್ ಪ್ರಮಾಣೀಕರಣ ವ್ಯವಸ್ಥೆಯೂ 2012ರಲ್ಲಿ ಮಾನದಂಡಗಳನ್ನು ಹೊರತಂದವು. ಯುರೋಪಿಯನ್ ಒಕ್ಕೂಟದ 2019ರ ಗೊಬ್ಬರ ನಿಯಮಾವಳಿಗೆ 2021ರಲ್ಲಿ ಸೇರಿಸಿದ ತಿದ್ದುಪಡಿಯಂತೆ, ಹದಿನಾರು ಬಹುವಲಯ ಹೈಡ್ರೋಕಾರ್ಬನ್ನುಗಳ ಒಟ್ಟು ಪ್ರಮಾಣ ಒಣತೂಕದ ಕಿಲೋಗೆ 6 ಮಿಲಿಗ್ರಾಂ ಮೀರುವಂತಿಲ್ಲ. ಜಲಜನಕ ಮತ್ತು ಸಾವಯವ ಇಂಗಾಲದ ಅನುಪಾತ 0.7ಕ್ಕಿಂತ ಕಡಿಮೆಯಿರಬೇಕು. ಎರಡನೆಯ ನಿಬಂಧನೆ, ವಸ್ತು ಅರೆಬೆಂದಿದೆಯೋ ಪೂರ್ತಿ ಬೆಂದಿದೆಯೋ ಎಂಬುದರ ಅಳತೆಗೋಲು. ಹೇಲ್ ಅಧ್ಯಯನದ ನಿಧಾನಸುಡುವಿಕೆಯ ಮಾದರಿಗಳು ಮೊದಲ ಮಿತಿಯೊಳಗೆ ಬರುತ್ತವೆ, ಅನಿಲೀಕರಣದ ಮಾದರಿ ಬರುವುದಿಲ್ಲ ಎಂಬುದನ್ನು ಹೋಲಿಸಿ ನೋಡಬಹುದು. ಭಾರತದ 1985ರ ರಸಗೊಬ್ಬರ ನಿಯಂತ್ರಣ ಆದೇಶವು ನಗರ ಕಾಂಪೋಸ್ಟಿಗೆ ಕ್ಯಾಡ್ಮಿಯಂ ಕಿಲೋಗೆ 5 ಮಿಲಿಗ್ರಾಂ, ಸೀಸ 100 ಮಿಲಿಗ್ರಾಂ ಎಂಬ ಮಿತಿಗಳನ್ನು ಇಟ್ಟಿದೆ. ಕಾಂಪೋಸ್ಟಿಗಿಂತ ಎಷ್ಟೋ ಪಟ್ಟು ಹೆಚ್ಚು ಕಾಲ ಉಳಿಯುವ ವಸ್ತುವಿಗೆ ಇದಕ್ಕಿಂತ ಸಡಿಲವಾದ ಅಳತೆ ಸಲ್ಲದು.

ಪ್ರಯೋಗಾಲಯದ ಪರೀಕ್ಷೆ ದುಬಾರಿಯಾದುದರಿಂದ ಸಣ್ಣ ರೈತನಿಗೆ ಅದು ಎಟುಕುವುದಿಲ್ಲ. ಹೈದರಾಬಾದಿನ ಕೇಂದ್ರೀಯ ಒಣಬೇಸಾಯ ಕೃಷಿ ಸಂಶೋಧನಾ ಸಂಸ್ಥೆಯು ಹತ್ತಿ, ತೊಗರಿ, ಮುಸುಕಿನಜೋಳದ ಕಡ್ಡಿಗಳನ್ನು ಹೊಲದಲ್ಲೇ ಸುಡಲು ಪೀಪಾಯಿಯ ಗೂಡೊಂದನ್ನು ರೂಪಿಸಿದೆ. ತನ್ನ ಹೊಲದ ಕಡ್ಡಿಯನ್ನು ತಾನೇ ಸುಟ್ಟು ತನ್ನ ಹೊಲಕ್ಕೇ ಸೇರಿಸುವ ಇಂಥ ವ್ಯವಸ್ಥೆಯಲ್ಲಿ ಸುಡುವ ವಸ್ತು ಯಾವುದೆಂಬುದು ರೈತನಿಗೆ ತಿಳಿದಿರುತ್ತದೆ. ಚೀಲದಲ್ಲಿ ಬರುವ ಕಪ್ಪು ಪುಡಿಯ ವಿಷಯದಲ್ಲಿ ಈ ಭರವಸೆ ಇಲ್ಲ.

8. ಬದಲಾದ ಒಲೆ

ಮೇಲಿನ ವಿವೇಚನೆಯಿಂದ ಜನಪದ ಕ್ರಮಗಳಲ್ಲಿ ನಾಲ್ಕು ಬಗೆಯ ರಕ್ಷಣೆ ಅಡಗಿದ್ದುದು ಕಾಣುತ್ತದೆ. ಸುಡುವ ವಸ್ತು ಪರಿಚಿತವಾಗಿತ್ತು. ಪ್ರಮಾಣ ಬುಟ್ಟಿಯ ಮಿತಿಯಲ್ಲಿತ್ತು. ಹಸಿಗೊಬ್ಬರದೊಡನೆ ಮಾಗುವ ಅವಧಿಯಿತ್ತು. ಬಳಕೆ ಆಯಾ ಮಣ್ಣಿನ ಗುಣಕ್ಕೆ ಹೊಂದಿತ್ತು. ಈ ರಕ್ಷಣೆಗಳು ನಿಯಮಗಳೆಂದು ಬರೆಯಲ್ಪಟ್ಟಿರಲಿಲ್ಲ. ದಿನಚರಿಯ ಭಾಗವಾಗಿ ನಡೆಯುತ್ತಿದ್ದವು. ಆದ್ದರಿಂದಲೇ ದಿನಚರಿ ಬದಲಾದಾಗ ಅವು ಸದ್ದಿಲ್ಲದೆ ಮರೆಯಾಗುವ ಸಾಧ್ಯತೆ ಹೆಚ್ಚು.

ಇಂದಿನ ಹಳ್ಳಿಯ ಒಲೆಯನ್ನೂ ಹಿತ್ತಲನ್ನೂ ಈ ದೃಷ್ಟಿಯಿಂದ ಪರಿಶೀಲಿಸುವುದು ಅವಶ್ಯಕ. ಅಡುಗೆಗೆ ಅನಿಲ ಬಂದ ಮನೆಗಳಲ್ಲಿಯೂ ನೀರು ಕಾಯಿಸುವ ಹಂಡೆಯೊಲೆ ಉಳಿದಿದೆ. ಅದಕ್ಕೆ ಸೌದೆಯ ಜೊತೆ ಪ್ಲಾಸ್ಟಿಕ್ ಚೀಲ, ಹಾಲಿನ ಪೊಟ್ಟಣ, ಬಣ್ಣ ಬಳಿದ ಹಲಗೆ, ಪ್ಲೈವುಡ್ ಚೂರುಗಳೂ ಸೇರುತ್ತಿವೆ. ಸುಡುಮಣ್ಣಿಗೆ ಒಟ್ಟುವ ಕಸದಲ್ಲಿ ಗುಟ್ಕಾ ಪೊಟ್ಟಣವೂ ಕೀಟನಾಶಕದ ಖಾಲಿ ಡಬ್ಬಿಯೂ ಇರಬಹುದು. ಕ್ರಿಯೆ ಹಳೆಯದೇ, ಹೆಸರೂ ಹಳೆಯದೇ. ಒಳಗಿನ ವಸ್ತು ಮಾತ್ರ ಬೇರೆ. ಪದ್ಧತಿಯ ಹೆಸರು ಉಳಿದು ಅದರ ನಿಬಂಧನೆಗಳು ಅಳಿದಾಗ ಪರಂಪರೆ ರಕ್ಷಣೆ ಕೊಡುವ ಬದಲು ಅಪಾಯಕ್ಕೆ ಮುಸುಕಾಗುತ್ತದೆ. ಬಯೋಚಾರ್‌ನ ಸುರಕ್ಷತೆಯನ್ನು ಪರೀಕ್ಷಿಸಬೇಕೆನ್ನುವ ಸಂಶೋಧಕರು ಒಲೆಯ ಬೂದಿಯನ್ನೂ ಸುಡುಮಣ್ಣನ್ನೂ ಅದೇ ಕಟ್ಟುನಿಟ್ಟಿನಿಂದ ಪರೀಕ್ಷಿಸಬೇಕಾಗಿದೆ.

ಜಾನಪದ ಕ್ಷೇತ್ರಕಾರ್ಯಕ್ಕೂ ಇದರಿಂದ ಹೊಸ ಹೊಣೆಯೊಂದು ಬರುತ್ತದೆ. ಕೃಷಿಜ್ಞಾನದ ಸಂಗ್ರಹದಲ್ಲಿ ಬೂದಿ ಹಾಕುತ್ತಾರೆ, ಮಣ್ಣು ಸುಡುತ್ತಾರೆ ಎಂದಷ್ಟೇ ದಾಖಲಿಸುವುದು ಸಾಲದು. ಯಾವ ಗಿಡದ ಸೊಪ್ಪು, ಯಾವ ತಿಂಗಳು, ಎಷ್ಟು ಹೊತ್ತು, ಎಷ್ಟು ಬುಟ್ಟಿ, ಯಾವ ಬೆಳೆಗೆ, ಯಾವ ಬೆಳೆಗೆ ಹಾಕಬಾರದು, ಯಾವುದನ್ನು ಸುಡಬಾರದು ಎಂಬ ವಿವರಗಳನ್ನು ಕೇಳಿ ಬರೆದುಕೊಳ್ಳಬೇಕು. ಜ್ಞಾನದ ತಿರುಳು ಇರುವುದು ಈ ಅಳತೆಗಳಲ್ಲಿ ಮತ್ತು ನಿಷೇಧಗಳಲ್ಲಿ. ಅವುಗಳನ್ನು ಬಲ್ಲ ಹಿರಿಯರು ಕಡಿಮೆಯಾಗುತ್ತಿರುವುದರಿಂದ ಈ ಕೆಲಸಕ್ಕೆ ಹೆಚ್ಚು ಕಾಲಾವಕಾಶವೂ ಇಲ್ಲ.

9. ಉಪಸಂಹಾರ

ಶುದ್ಧ ಸಸ್ಯಮೂಲದಿಂದ, ಹೊಗೆ ಹೊರಹೋಗುವಂತೆ ಪೂರ್ತಿ ಬೇಯಿಸಿ, ನೀರಿನಿಂದ ನಂದಿಸಿ, ಸಗಣಿ ಗಂಜಲಗಳೊಡನೆ ಮಾಗಿಸಿ, ಹುಳಿಮಣ್ಣಿಗೆ ಮಿತಪ್ರಮಾಣದಲ್ಲಿ ಸೇರಿಸಿದ ಬಯೋಚಾರ್ ಬಹುಮಟ್ಟಿಗೆ ಸುರಕ್ಷಿತವೂ ಉಪಯುಕ್ತವೂ ಹೌದು ಎಂಬುದಕ್ಕೆ ಸಾಕಷ್ಟು ಆಧಾರಗಳಿವೆ. ಮೂಲ ತಿಳಿಯದ, ಪರೀಕ್ಷೆಗೊಳಪಡದ, ಮಣ್ಣಿನ ಗುಣ ನೋಡದೆ ರಾಶಿಯಾಗಿ ಸುರಿದ ಬಯೋಚಾರ್ ಸುರಕ್ಷಿತ ಎನ್ನಲು ಆಧಾರಗಳಿಲ್ಲ. ಈ ಎರಡರ ನಡುವಿನ ಅಂತರವನ್ನು ಪರಂಪರೆಯ ಹೆಸರು ಮುಚ್ಚಬಾರದು. ಏನನ್ನು ಸುಟ್ಟದ್ದು, ಹೇಗೆ ಸುಟ್ಟದ್ದು, ಯಾವ ನೆಲಕ್ಕೆ ಎಷ್ಟು ಎಂಬ ಪ್ರಶ್ನೆಗಳನ್ನು ಹಿಂದೆ ಒಲೆ, ತಿಪ್ಪೆ ಮತ್ತು ಬುಟ್ಟಿಗಳೇ ಕೇಳಿಕೊಂಡು ಉತ್ತರಿಸುತ್ತಿದ್ದವು. ಈಗ ಅವನ್ನು ಬಾಯಿಬಿಟ್ಟು ಕೇಳಬೇಕಾಗಿದೆ; ಉತ್ತರ ದೊರೆಯುವ ತನಕ ಚೀಲದ ಬಾಯಿ ಬಿಚ್ಚದಿರುವುದು ಮಣ್ಣಿಗೂ ಮುಂದಿನವರಿಗೂ ಕ್ಷೇಮ.